ಹದಿನೇಳನೇ ನಂಬರಿನ ಎರಡು ಕಟ್ಟು

ಹಾರ್ಲಿಂಗೆನ್,
ಗುರುವಾರ, ನವೆಂಬರ್ ೧೪

ಪ್ರೀತಿಯ ಯೋರಿತ್,

ಸೊಂಟ ನೋವು ಹೇಗಿದೆ? ಹೋದ ವಾರ ಫೋನಿನಲ್ಲಿ ನೀನು ‘ಪರವಾಗಿಲ್ಲ’ ಎಂದೆ. ನಿನ್ನ ಪರವಾಗಿಲ್ಲ ಎಂದರೆ ಎರಡು ಮಾತ್ರೆ ನುಂಗಿದ್ದೀಯ ಎಂದು ಅರ್ಥ, ಅದು ನನಗೆ ಮದುವೆಯಾದ ವರ್ಷವೇ ತಿಳಿದುಹೋಗಿದೆ. ಈ ಕಾಗದದ ಜೊತೆ, ರಜೆ ಮುಗಿಸಿ ನಿಮ್ಮ ಹೂಳೆತ್ತುವ ಹಡಗಿಗೆ ಮರಳುತ್ತಿರುವ ಫೋಕ್ಕೆಯ ಕೈಯಲ್ಲಿ ಆ ಕಂದು ಮುಲಾಮು ಕಳಿಸುತ್ತಿದ್ದೇನೆ. ಹಚ್ಚಿಕೋ, ಬರೀ ಮೇಜಿನ ಮೇಲೆ ಇಟ್ಟುಕೊಂಡು ನೋಡುತ್ತ ಕೂರಬೇಡ. ಹಡಗಿನ ಹೊಸ ಅಡುಗೆಯವನಿಗೆ ಆಲೂಗಡ್ಡೆ ಬೇಯಿಸುವುದು ಬಂತೇ? ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ನಿನ್ನ ಅಮ್ಮ ಭಾನುವಾರ ಬಂದಿದ್ದರು. ನಾನು ಮಾಡಿದ ಬಟಾಣಿ ಸೂಪಿನಲ್ಲಿ ಚಮಚ ನೆಟ್ಟಗೆ ನಿಲ್ಲಿಸಿ ನೋಡಿದರು, ಅದು ಬಿದ್ದುಹೋಯಿತು. “ಇದು ಸೂಪಲ್ಲ ಕಣೇ, ಕಾಲುವೆ ನೀರು” ಎಂದು ಎರಡು ಬಟ್ಟಲು ಕುಡಿದು ಹೋದರು. ಕಡ್ಡಿ ಮುರಿದಂತೆ ಮಾತಾಡುವ ಗುಣ ನಿಮ್ಮ ಮನೆತನದಲ್ಲಿ ಅವರಿಗೇ ಮುಗಿಯಿತು ಎಂದು ಕಾಣುತ್ತದೆ.

ಈಗ ಬರೆಯಲಿರುವುದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ನಡುವೆ ಬಾಯಿ ಹಾಕುತ್ತೀಯ. ನಮ್ಮ ಫೋಟೋ ಕ್ಲಬ್ಬಿನ ಮೊದಲ ನಿಯಮವನ್ನು ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದವನೇ ನೀನು: ಫೋಟೋ ತೆಗೆದವರು ಸುಮ್ಮನಿರಬೇಕು, ಉಳಿದವರೆಲ್ಲ ತಮಗೆ ಕಂಡದ್ದನ್ನು ಹೇಳಿ ಮುಗಿಸಿದ ಮೇಲೆಯೇ ಅವರು ಬಾಯಿ ತೆರೆಯಬೇಕು. ಕಾಗದದಲ್ಲಾದರೆ ಆ ನಿಯಮವನ್ನು ನೀನೂ ಮುರಿಯಲಾರೆ. ಆದ್ದರಿಂದ ಕೊನೆಯವರೆಗೆ ಓದು, ಆಮೇಲೆ ಬೇಕಾದಷ್ಟು ಮಾತಾಡು.

ಮೊನ್ನೆ ಮಂಗಳವಾರ ಹಳೇ ಶಾಲೆಯ ಡ್ರಾಯಿಂಗ್ ಕೋಣೆಯಲ್ಲಿ ಕ್ಲಬ್ಬಿನ ವಿಮರ್ಶೆಯ ಸಂಜೆ. ನೀನು ಹಡಗು ಹತ್ತುವ ಮೊದಲು ಅದಕ್ಕೆಂದು ನಾಲ್ಕು ಪ್ರಿಂಟು ತೆಗೆದಿಟ್ಟು ಹೋಗಿದ್ದೆಯಲ್ಲ, ಅವನ್ನು ನಾನು ಒಯ್ಯಬೇಕಿತ್ತು. ಈ ಸಲ ನನ್ನವೂ ನಾಲ್ಕು ಇದ್ದವು. ಕಾಲುವೆಯ ಎತ್ತುಸೇತುವೆಯ ಕ್ಯಾಬಿನ್ನಿನಲ್ಲಿ ಕೂತು, ಕೆಲಸದ ನಡುವೆ ಬೇಸಿಗೆಯಿಡೀ ತೆಗೆದವು. ಸೇತುವೆ ಎತ್ತಿ, ದೋಣಿ ಸರಿಯಾಗಿ ದಾಟಿತೆಂದು ನೋಡಿಕೊಂಡು, ಅದನ್ನು ಮತ್ತೆ ಇಳಿಸುವ ಮೊದಲು ನನಗೆ ಒಂದು ನಿಮಿಷ ಬಿಡುವು ಇರುತ್ತದೆ. ಅಡ್ಡಗಂಬದ ಹಿಂದೆ ಸೈಕಲ್ ಹಿಡಿದು ನಿಂತವರಿಗೆ ಎಲ್ಲಿಗೂ ಹೋಗುವಂತಿಲ್ಲ, ಏನೂ ಮಾಡುವಂತಿಲ್ಲ. ಆಗ ಅವರ ಮುಖಗಳು ಬೇರೆಯಾಗುತ್ತವೆ. ನಾನು ಕ್ಯಾಮೆರಾ ಎತ್ತಿ ತೋರಿಸುತ್ತೇನೆ. ಬೇಡ ಅನ್ನುವವರು ಕೈಯಾಡಿಸುತ್ತಾರೆ, ಉಳಿದವರು ಬೇಗ ಮರೆತುಬಿಡುತ್ತಾರೆ. ಹಾಗೆ ತೆಗೆದ ನಾಲ್ಕನ್ನು ಆಗಸ್ಟಿನಲ್ಲಿ ಊಟದ ಮೇಜಿನ ಮೇಲೆ ನಿನಗೆ ತೋರಿಸಿದ್ದೆ. ನೀನು ‘ಚೆನ್ನಾಗಿದೆ’ ಎಂದು ಉಪ್ಪು ಕೇಳಿದೆ. ನಿನಗೆ ನೆನಪಿರಲಾರದು.

ತಪ್ಪು ನಡೆದದ್ದು ಹೀಗೆ. ಪ್ರಿಂಟು ಒಯ್ಯುವ ನಿನ್ನ ನೀಲಿ ಪೆಟ್ಟಿಗೆಯ ಹಿಡಿಕೆ ಕಿತ್ತುಹೋಗಿತ್ತು, ಹೊರಗೆ ಮಳೆ. ಎರಡು ಕಟ್ಟನ್ನೂ ಒಂದೇ ಚೀಲಕ್ಕೆ ಹಾಕಿ ನಡುವೆ ಪತ್ರಿಕೆ ಇಟ್ಟೆ. ಎಂಟೂ ಪ್ರಿಂಟುಗಳಿಗೆ ನೀನೇ ಕತ್ತರಿಸಿಕೊಟ್ಟ ಒಂದೇ ಅಳತೆಯ ಬಿಳಿ ರಟ್ಟು. ಮುಂದೆ ಹೆಸರು ಬರೆಯುವಂತಿಲ್ಲ, ಹಿಂದೆ ಪೆನ್ಸಿಲ್ಲಿನಲ್ಲಿ ಸದಸ್ಯರ ನಂಬರು ಮಾತ್ರ. ನಮ್ಮದು ಸಂಸಾರದ ಸದಸ್ಯತ್ವ, ಇಬ್ಬರಿಗೂ ಹದಿನೇಳು. ನೀನು ಇಲ್ಲದಿರುವಾಗ ಹಿಸ್ಕೆಯೇ ಸಭೆ ನಡೆಸುತ್ತಾಳೆ, ಟೀಚರಮ್ಮನ ಗತ್ತು ನಿನಗೆ ಗೊತ್ತಲ್ಲ. ಅವಳು ಚೀಲದಿಂದ ಮೇಲಿನ ಕಟ್ಟನ್ನು ತೆಗೆದಳು. “ಹದಿನೇಳು. ಮೊದಲು ಯೋರಿತ್, ಆಮೇಲೆ ನಿಂಕೆ” ಎಂದು, ಯಾವಾಗಲೂ ಇರುವ ಕ್ರಮದಲ್ಲಿ, ನನ್ನ ನಾಲ್ಕನ್ನು ನಿನ್ನ ಹೆಸರಿನಲ್ಲಿ ಹಲಗೆಯ ಮೇಲೆ ನಿಲ್ಲಿಸಿದಳು. ನಾನು ಬಾಯಿ ತೆರೆದೆ. ಮುದುಕ ಡೌವೆ ಕುರ್ಚಿಯಲ್ಲೇ ತಿರುಗಿ, “ಶ್! ನಿಯಮ ಅಂದ್ರೆ ನಿಯಮ. ಗಂಡನ ಪರ ವಕೀಲಿಕೆ ಬೇಡಮ್ಮ” ಎಂದ. ನಲವತ್ತು ವರ್ಷ ದನದ ಡಾಕ್ಟರಾಗಿದ್ದವನು, ಮನುಷ್ಯರನ್ನೂ ಅದೇ ದನಿಯಲ್ಲಿ ಸುಮ್ಮನಾಗಿಸುತ್ತಾನೆ. ನಾನು ಬಾಯಿ ಮುಚ್ಚಿದೆ.

ಮಾಂಸದಂಗಡಿಯ ಏಪ್ರನ್ನು ತೊಟ್ಟುಕೊಂಡೇ ಬಂದ ಒಬ್ಬ ಗೃಹಸ್ಥ ಸೈಕಲ್ಲಿನ ಮೇಲೆ ಒಂದು ಕಾಲು ಊರಿಕೊಂಡು, ಏರಿದ ಸೇತುವೆಯನ್ನು ನೋಡುತ್ತಿರುವ ಫೋಟೋ ಇದೆಯಲ್ಲ, ಅದರ ಮುಂದೆ ಎಲ್ಲರೂ ಎದ್ದು ಬಂದು ನಿಂತರು. ಅವನ ಕೈಯಲ್ಲಿ ಹೂಗುಚ್ಛವಿದೆ, ಅದನ್ನು ಅವನು ಹಂದಿಯ ಕಾಲು ಹಿಡಿದಂತೆ ತಲೆಕೆಳಗು ಹಿಡಿದಿದ್ದಾನೆ. “ಕೊನೆಗೂ ನಮ್ಮ ಯೋರಿತ್ ಮನುಷ್ಯರ ಕಡೆ ತಿರುಗಿದ ನೋಡ್ರಪ್ಪ! ಹೆಂಡ್ತಿ ಕ್ಯಾಬಿನ್ನಲ್ಲಿ ಕೂತು ತೆಗೆದಿದ್ದಾನೆ, ಕಳ್ಳ” ಎಂದ ಡೌವೆ. ಹಿಸ್ಕೆ, ಕನ್ನಡಕ ಹಣೆಗೇರಿಸಿ, “ಬಲಗಡೆಯ ಕಂಬ ಇಲ್ಲದಿದ್ದರೆ ಇನ್ನೂ ಚೆನ್ನಾಗಿತ್ತು, ಆದರೂ ಅವನ ಕುತ್ತಿಗೆ ನೋಡಿ, ಯಾರಿಗೋ ಕ್ಷಮೆ ಕೇಳೋಕೆ ಹೊರಟಿದ್ದಾನೆ” ಎಂದಳು. ಕಂಬದ ಮಾತು ನಿಜ. ನಾನು ಅದನ್ನು ನೋಡಿರಲೇ ಇಲ್ಲ. ಮೂರನೆಯದರಲ್ಲಿ ಬೆಳಕು ಹೆಚ್ಚಾಗಿ ಆಕಾಶ ಸುಟ್ಟುಹೋಗಿದೆ ಎಂದರು, ಅದೂ ನಿಜ. ಇಪ್ಪತ್ತು ನಿಮಿಷ ಮಾತಾಡಿದರು. ಇದೇ ಕೋಣೆಯಲ್ಲಿ ನನ್ನ ಹೆಸರಿನಲ್ಲಿ ತೋರಿಸಿದ ಫೋಟೋಗಳಿಗೆ ಇದುವರೆಗೆ ‘ಚೆನ್ನಾಗಿದೆ ನಿಂಕೆ’ ಎಂಬ ಒಂದೇ ಮಾತು, ಆಮೇಲೆ ಎಲ್ಲರ ಕೈ ಕಾಫಿಯ ಕಡೆ.

ಆಮೇಲೆ ನಿನ್ನವು ಬಂದವು, ನನ್ನ ಹೆಸರಿನಲ್ಲಿ. ಕಡಲಿನ ಇಳಿತದ ಹೊತ್ತಿನ ಕೆಸರುಬಯಲಿನ ಗೂಟಗಳು, ಖಾಲಿ ದೋಣಿಕಟ್ಟೆ, ಏರಿಯ ಮೇಲಿನ ಮೆಟ್ಟಿಲು, ಮಂಜಿನಲ್ಲಿ ಕಬ್ಬಿಣದ ಬೇಲಿ. ಯಾರೋ ಹಿಂದಿನಿಂದ ನಕ್ಕರು. ಡೌವೆ ಹೇಳಿದ್ದನ್ನು ಇದ್ದಹಾಗೆ ಬರೆಯುತ್ತೇನೆ, ಯಾಕೆಂದರೆ ಸಿಹಿ ಬೆರೆಸಿದರೆ ಮದ್ದು ಮದ್ದಾಗಿರುವುದಿಲ್ಲ: “ನಿಂಕೆ, ಗಂಡನ್ನ ಕಾಪಿ ಹೊಡೀಬೇಡಮ್ಮ. ಅವನು ಮಾಡಿದ್ರೆ ಏನೋ ಅವನ ಅಭ್ಯಾಸ ಅಂತ ಬಿಡಬಹುದು. ಇವು ಹಲ್ಲಿನ ಡಾಕ್ಟರ ಕೋಣೇಲಿ ತೂಗುಹಾಕೋ ಫೋಟೋಗಳು. ಹಲ್ಲುನೋವಿರೋರು ಯಾರೂ ಗೋಡೆ ನೋಡಲ್ಲ.” ಹಿಸ್ಕೆ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಮಾತಾಡುವವಳು, ಆದರೂ ಅವಳದ್ದೇ ಹೆಚ್ಚು ಚುಚ್ಚಿತು. “ಗೆರೆ, ಬೆಳಕು, ಎಲ್ಲ ಅಚ್ಚುಕಟ್ಟು. ತೆಗೆದವರು ಎಲ್ಲರೂ ಎದ್ದು ಹೋಗಲಿ ಅಂತ ಕಾದು ತೆಗೆದಿದ್ದಾರೆ. ಹೀಗೆ ಕಾಯುವವರು ಏನನ್ನು ನೋಡೋಕೆ ಹೆದರುತ್ತಾರೋ ಗೊತ್ತಿಲ್ಲ” ಎಂದಳು. ನಾಲ್ಕನೆಯದಕ್ಕೆ ಮಾತ್ರ ಡೌವೆ ಹತ್ತಿರ ಹೋಗಿ ಬಗ್ಗಿದ. ಬೇಲಿಯ ಗೂಟಕ್ಕೆ ಯಾರೋ ದಾರಿಯಲ್ಲಿ ಸಿಕ್ಕಿದ ಕೈಗವಸನ್ನು, ಕಳೆದುಕೊಂಡವರಿಗೆ ಕಾಣಲೆಂದು ತೊಡಿಸಿಟ್ಟಿದ್ದಾರೆ, ಉಣ್ಣೆಯದು, ಒದ್ದೆಯಾಗಿ ಜೋತುಬಿದ್ದಿದೆ. “ಇದೊಂದರಲ್ಲಿ ಉಸಿರಿದೆ. ಇದನ್ನ ತೆಗೆದ ದಿನ ನೀನು ಬೇರೆ ಯಾರೋ ಆಗಿದ್ದೆ” ಎಂದ. ಅದು ಕ್ಯಾಮೆರಾದ ಸ್ಟ್ಯಾಂಡು ಮನೆಯಲ್ಲೇ ಮರೆತುಹೋದ ದಿನ ನೀನು ಬೈದುಕೊಳ್ಳುತ್ತ ತೆಗೆದ ಫೋಟೋ ಎಂದು ನನಗೆ ಮಾತ್ರ ಗೊತ್ತಿತ್ತು.

ಕೊನೆಗೆ ಹಿಸ್ಕೆ, “ಈಗ ನಿಂಕೆ ಮಾತಾಡಬಹುದು” ಎಂದಳು. ಆಗ ಹೇಳಬೇಕಿತ್ತು. ನಿಯಮ ಮುಗಿದಿತ್ತು, ತಡೆಯುವವರು ಯಾರೂ ಇರಲಿಲ್ಲ. ನಾನು “ಏನೂ ಇಲ್ಲ, ಥ್ಯಾಂಕ್ಸ್” ಎಂದು ಕೂತುಬಿಟ್ಟೆ. ಯಾಕೆಂದು ಎರಡು ದಿನದಿಂದ ಯೋಚಿಸಿದ್ದೇನೆ. ಒಂದು, ಹೊಗಳಿಕೆ ರುಚಿಯಾಗಿತ್ತು, ನಿನ್ನ ಹೆಸರಿನಲ್ಲಿ ಬಂದರೂ ನನಗೆ ತಲುಪಿತ್ತು. ಇದು ನನ್ನ ಸಣ್ಣತನ, ಒಪ್ಪಿಕೊಳ್ಳುತ್ತೇನೆ. ಇನ್ನೊಂದು, ನಿನ್ನ ಫೋಟೋಗಳ ಬಗ್ಗೆ ಅವರು ಹೇಳಿದ್ದರಲ್ಲಿ ಒಂದು ಮಾತೂ ನನಗೆ ಹೊಸದಾಗಿರಲಿಲ್ಲ. ಅಷ್ಟರಲ್ಲಿ ಲೇವಾರ್ಡೆನ್ನಿನ ಪ್ರದರ್ಶನಕ್ಕೆ ಕ್ಲಬ್ಬಿನಿಂದ ಒಂದು ಫೋಟೋ ಆರಿಸಲು ಕೈ ಎತ್ತಿಸಿದರು. ಹೂಗುಚ್ಛದ ಮನುಷ್ಯ ಗೆದ್ದ. ಸೋಮವಾರ ಪಟ್ಟಿ ಅಚ್ಚಿಗೆ ಹೋಗುತ್ತದೆ, ಅದರಲ್ಲಿ ನಿನ್ನ ಹೆಸರಿದೆ.

ಈಗ ಅಡುಗೆಮನೆಯ ಡ್ರಾಯರಿನಲ್ಲಿರುವ ಕಾಗದದ ವಿಷಯ. ಬಂದರಿನ ಬೀದಿಯ ಆ ಹಳೇ ಸಿಗಾರ್ ಅಂಗಡಿಯನ್ನು ಸ್ಟುಡಿಯೋ ಮಾಡಲು ನೀನು ಬಾಡಿಗೆ ಕರಾರಿಗೆ ಸಹಿ ಹಾಕಿ ಹೋಗಿದ್ದೀಯ. ಈ ತಿಂಗಳು ಮುಗಿಯುವುದರೊಳಗೆ ನನ್ನದೂ ಬೀಳಬೇಕು. ನೀನು ಹಡಗಿಗೆ ಒಯ್ದ ಪೆಟ್ಟಿಗೆಯಲ್ಲಿ ರಾಜೀನಾಮೆ ಪತ್ರವಿದೆ, ಡಿಸೆಂಬರ್ ಒಂದಕ್ಕೆ ಕ್ಯಾಪ್ಟನ್ನಿಗೆ ಕೊಡುತ್ತೀಯ. ಜುಲೈಯಲ್ಲಿ ನೀನು ಹೇಳಿದ್ದು ನನ್ನ ಕಿವಿಯಲ್ಲಿದೆ: “ಹದಿನಾರು ವರ್ಷದಲ್ಲಿ ನನ್ನ ಫೋಟೋದಲ್ಲಿ ಒಬ್ಬರೂ ಒಂದು ತಪ್ಪು ತೋರಿಸಿಲ್ಲ ನಿಂಕೆ, ಇನ್ನೇನು ಬೇಕು?” ತೋರಿಸಿಲ್ಲ, ಸರಿ. ಆದರೆ ಆ ಕೋಣೆಯ ದೀಪ ಕಟ್ಟಿದವನು ನೀನು, ರಟ್ಟು ಕತ್ತರಿಸುವವನು ನೀನು, ಡೌವೆಯನ್ನು ಕಣ್ಣಿನ ಆಸ್ಪತ್ರೆಗೆ ಕರೆದೊಯ್ಯುವವನೂ ನೀನೇ. ಮುಖ ನೋಡಿ ಮಣೆ ಹಾಕುವುದು ಎಲ್ಲ ಊರಿನಲ್ಲೂ ಇದೆ, ನೇರ ಮಾತಿನವರು ಎಂದು ಎದೆ ತಟ್ಟಿಕೊಳ್ಳುವ ನಮ್ಮ ಊರಿನಲ್ಲೂ ಇದೆ. ಅವರಿಗೆ ಬುದ್ಧಿ ಹೇಳುವ ಯೋಗ್ಯತೆ ನನಗಿಲ್ಲ. ಅವರದು ತಿಂಗಳಿಗೊಂದು ಸಂಜೆ. ನಾನು ಅದೇ ಹದಿನಾರು ವರ್ಷ ಮನೆಯಲ್ಲೇ ಕೂತು, ನೀನು ಪ್ರಿಂಟು ಹಿಡಿದು ಬಂದಾಗಲೆಲ್ಲ ‘ಚೆನ್ನಾಗಿದೆ’ ಎಂದು ಉಪ್ಪು ಕೇಳಿದವಳು.

ಆದ್ದರಿಂದ ನನಗೆ ಕಂಡದ್ದನ್ನು ಈಗ ಹೇಳುತ್ತೇನೆ. ನಿನಗೆ ಬೆಳಕು ಗೊತ್ತು, ಇಷ್ಟು ಬೆಳಕು ಗೊತ್ತಿರುವವರು ಕ್ಲಬ್ಬಿನಲ್ಲಿ ಬೇರೆ ಇಲ್ಲ. ಆದರೆ ಮನುಷ್ಯರು ಫ್ರೇಮಿನೊಳಗೆ ಬಂದರೆ ನೀನು ಕ್ಯಾಮೆರಾ ಇಳಿಸುತ್ತೀಯ. ದೋಣಿಕಟ್ಟೆಯಲ್ಲಿ ಆ ಮೀನುಗಾರರು ಬಲೆ ಎಳೆದು ಹೋಗಲೆಂದು ನೀನು ಒಂದೂವರೆ ಗಂಟೆ ಕಾದದ್ದನ್ನು ನಾನು ಕಾರಿನಲ್ಲಿ ಕೂತು ನೋಡಿದ್ದೇನೆ. ನನಗೆ ಆ ಬಲೆ ಎಳೆಯುವುದೇ ಫೋಟೋ ಎನಿಸಿತ್ತು, ಹೇಳಲಿಲ್ಲ. ಈ ಮನೆಯಲ್ಲಿ ನೀನು ತೆಗೆದ ನನ್ನ ಫೋಟೋಗಳು ಮೂರು. ಮೂರೂ ಬೆಳಕು ಎಷ್ಟಿದೆ ಎಂದು ನೋಡಲು ತೆಗೆದವು, ಒಂದರಲ್ಲಿ ನನ್ನ ಅರ್ಧ ಮುಖವಿಲ್ಲ. ಇದರಿಂದ ನನಗೆ ನೋವಾಗಿದೆ, ಬಹಳ ವರ್ಷಗಳಿಂದ. ಸ್ಟುಡಿಯೋದ ಬಾಗಿಲು ತಳ್ಳಿಕೊಂಡು ಬರುವವರು ಗೂಟಗಳಲ್ಲ, ಮನುಷ್ಯರು. ಮದುಮಕ್ಕಳು, ಕೂಸು ಎತ್ತಿಕೊಂಡ ತಾಯಂದಿರು, ಪಾಸ್‌ಪೋರ್ಟಿಗೆ ಮುಖ ಗಂಟಿಕ್ಕಿಕೊಂಡು ಕೂರುವವರು. ಅವರು ಎದ್ದುಹೋಗಲೆಂದು ನೀನು ದಿನವಿಡೀ ಕಾಯುತ್ತೀಯ. ಎರಡು ವರ್ಷದಲ್ಲಿ ನಿನಗೆ ಅಂಗಡಿಯೂ ಬೇಡವಾಗುತ್ತದೆ, ಕ್ಯಾಮೆರಾವೂ ಬೇಡವಾಗುತ್ತದೆ. ಹೆತ್ತವರಿಗೆ ಹೆಗ್ಗಣ ಮುದ್ದು, ನನ್ನ ಫೋಟೋದ ಕಂಬವೇ ನನಗೆ ಕಾಣಲಿಲ್ಲ, ನಿನ್ನದನ್ನು ನೀನು ಕಾಣದೆ ಹೋದದ್ದು ತಪ್ಪೇನಲ್ಲ. ಕಂಡವರು ಹೇಳದಿದ್ದದ್ದು ತಪ್ಪು.

ಅಮ್ಮ ನಿನ್ನನ್ನು ಕೇಳಿದರೆಂದು ತಿಳಿಸಲು ಹೇಳಿದ್ದಾರೆ, ತಲೆಗೆ ಟೋಪಿ ಇಲ್ಲದೆ ಅಲ್ಲಿನ ಬಿಸಿಲಿನಲ್ಲಿ ನಿಲ್ಲಬಾರದಂತೆ. ಡೌವೆ ನಿನಗೆ ಅಭಿನಂದನೆ ಹೇಳಿ ಕಳಿಸಿದ್ದ. ಅದು ನನಗೆ ಸೇರಬೇಕಾದದ್ದು, ಇಲ್ಲೇ ಇಟ್ಟುಕೊಂಡಿದ್ದೇನೆ. ಜೋಪಾನವಾಗಿರು.

ನಿನ್ನ
ನಿಂಕೆ

ತಾ.ಕ.: ಫೋಕ್ಕೆ ಬಂದು ಬಾಗಿಲಲ್ಲಿ ನಿಂತಿದ್ದಾನೆ, “ರೈಲು ನಿಮ್ಮ ಸೇತುವೆ ಥರ ಕಾಯಲ್ಲ ಕಣಮ್ಮ” ಎನ್ನುತ್ತಿದ್ದಾನೆ. ಬೇಗ ಬರೆಯುತ್ತೇನೆ. ಹಿಸ್ಕೆಗೆ ಈಗಷ್ಟೇ ಫೋನ್ ಮಾಡಿ ಎಲ್ಲ ಹೇಳಿದೆ. ಪಟ್ಟಿಯಲ್ಲಿ ಹೆಸರು ಬದಲಾಗುತ್ತದೆ. ಅಂಗಡಿಯ ಕರಾರಿಗೆ ನಾನು ಸಹಿ ಹಾಕುವುದಿಲ್ಲ. ಇದನ್ನು ಓದಿ ನೀನು ಹಟದಿಂದ ರಾಜೀನಾಮೆಯನ್ನು ಹರಿದು, ಇನ್ನೂ ಹತ್ತು ವರ್ಷ ಅಲ್ಲೇ ಹೂಳೆತ್ತುತ್ತ ಇದ್ದುಬಿಡುತ್ತೀಯ ಎಂದು ನನಗೆ ಹೆದರಿಕೆ, ಅದಕ್ಕೇ ಎರಡು ದಿನ ಈ ಕಾಗದ ಬರೆಯಲಿಲ್ಲ. ಹರಿಯಬೇಡ. ಒಂದನೇ ತಾರೀಖು ಅದನ್ನು ಕೊಡು. ಬಂದರಿನಲ್ಲಿ ಸೊಂಟ ಬಗ್ಗಿಸದ ಕೆಲಸ ಹುಡುಕೋಣ, ಸಿಗುವವರೆಗೆ ನನ್ನ ಸಂಬಳವಿದೆ. ನೀನು ಮನೆಗೆ ಬರುವುದಕ್ಕೆ ನಿನ್ನ ಫೋಟೋಗಳು ಚೆನ್ನಾಗಿರಬೇಕಾಗಿಲ್ಲ, ಯೋರಿತ್.