ಒಳಗ ನಡಿ, ಒಳಗ ಜಾಗಾ ಐತಿ

ಸನ್ಮಿತ್ರರಾದ ಮಾಬುಸಾಬರಿಗೆ,

ನಿಮ್ಮ ಸಂತಾಪಸಭೆಯಲ್ಲಿ ನಾನಾಡಿದ ಒಂದು ವಾಕ್ಯವನ್ನು ಮೊದಲು ತಿದ್ದಬೇಕಾಗಿದೆ. ಗಜೇಂದ್ರಗಡದ ಬಸ್ ನಿಲ್ದಾಣದ ಸಿಬ್ಬಂದಿ ಕೋಣೆಯಲ್ಲಿ ನಿಮ್ಮ ಸಂಗಡಿಗರೆಲ್ಲ ಕೂಡಿದ್ದಾಗ, "ಸ್ಪೇನಿನ ಫುಟ್‌ಬಾಲ್ ಆಟಗಾರನಿಗೆ ಮಾಬುಸಾಬರು ಹೇಳಿದ ಬುದ್ಧಿಮಾತುಗಳನ್ನು ಒಂದಕ್ಷರ ಬಿಡದೆ ಇಂಗ್ಲಿಷಿಗೆ ತಿರುಗಿಸಿ ಕಳುಹಿಸುವ ಭಾಗ್ಯ ನನ್ನದಾಗಿತ್ತು" ಎಂದೆ. ಜನ ಚಪ್ಪಾಳೆ ತಟ್ಟಿದರು. ಸಂತಾಪಸಭೆಯಲ್ಲಿ ಚಪ್ಪಾಳೆ ತಟ್ಟುವುದು ಸಲ್ಲದೆಂದು ಅವರಿಗೆ ಅಲ್ಲಿಯೇ ತಿಳಿಸಿದೆ. ಆದರೆ ಅಂದು ತಿದ್ದಿಸಿಕೊಳ್ಳಬೇಕಾದವನು ನಾನೇ. ಆ ವಾಕ್ಯದಲ್ಲಿ ವ್ಯಾಕರಣದೋಷವಿರಲಿಲ್ಲ, ಸತ್ಯವೂ ಇರಲಿಲ್ಲ. ನೀವು ಹೇಳಿದ ಒಂದಕ್ಷರವನ್ನೂ ನಾನು ಕಳುಹಿಸಲಿಲ್ಲ, ಮಾಬುಸಾಬರೇ.

ನರಗುಂದದ ಬಸ್ ನಿಲ್ದಾಣದ ಚಹದಂಗಡಿ ನೆನಪಿದೆಯಲ್ಲವೇ? ರೋಣದಿಂದ ನರಗುಂದದ ಪ್ರೌಢಶಾಲೆಗೆ ಹೋಗಿಬರುವ ಮಾಸ್ತರನಾಗಿ ನಾನು, ಅದೇ ಬಸ್ಸಿನ ಕಂಡಕ್ಟರರಾಗಿ ನೀವು. ಅಂಗಡಿಯ ಟಿವಿಯಲ್ಲಿ ಹಿಂದಿನ ದಿನದ ಆಟವನ್ನು ಮತ್ತೆ ತೋರಿಸುತ್ತಿದ್ದರು. ಎಡಗೆರೆಗೆ ಅಂಟಿಕೊಂಡು ಓಡುವ ಒಬ್ಬ ತೆಳ್ಳನೆಯ ತರುಣ, ವಿಂಗರ್ ಎನ್ನುತ್ತಾರೆ ಅಂಥವರಿಗೆ, ಒಂದು ದೊಡ್ಡ ತಂಡಕ್ಕೆ ಆಗತಾನೇ ಕಾಲಿಟ್ಟಿದ್ದ. ಶಾಲೆಯ ದಿನಗಳಲ್ಲಿ ನೀವೂ ಎಡಕ್ಕೇ ಆಡಿದವರು. ಖಿಡಕಿ ಪಕ್ಕದ ಸೀಟು ಬಿಡದ ಪ್ರಯಾಣಿಕನಂತಿದ್ದಾನೆಂದು ಅವನಿಗೆ "ಖಿಡಕಿ" ಎಂದು ಹೆಸರಿಟ್ಟಿರಿ. ತಂದೆತಾಯಿ ಇಟ್ಟ ಹೆಸರಿರುವಾಗ ಹೀಗೆ ಕರೆಯುವುದು ಸರಿಯಲ್ಲವೆಂದೆ. "ಆ ಹೆಸರ ನನ್ನ ಬಾಯಾಗ ಹಿಡ್ಯಂಗಿಲ್ರಿ ಮಾಸ್ತರ. ನೀವು ಇಂಗ್ಲೀಷ ಬಲ್ಲವರು, ಅವಗೊಂದು ಪತ್ರ ಬರೀರಿ" ಎಂದಿರಿ. ಚಹ ಆರುವುದರೊಳಗೆ ಮೊದಲನೆಯ ಪತ್ರ ಸಿದ್ಧವಾಯಿತು: "ಲೇ ಖಿಡಕಿ, ಬಾಗಲದಾಗ ಯಾಕ ನಿಂತೀಯೋ? ಒಳಗ ನಡಿ, ಒಳಗ ಜಾಗಾ ಐತಿ!"

ಅಂದು ಮನೆಗೆ ಬಂದು ಕುಳಿತಾಗ ನನ್ನ ಲೇಖನಿ ಏಳಲಿಲ್ಲ. ಕಂಡರಿಯದ ಪರದೇಶಿಯನ್ನು "ಲೇ" ಎಂದು ಸಂಬೋಧಿಸುವುದೇ? ನಮ್ಮ ತಾಲೂಕಿನವರ ಬಗ್ಗೆ ಅವನು ಏನೆಂದುಕೊಂಡಾನು? ನೀವು ಹೇಳಿದ್ದನ್ನು ಹೇಳಿದಂತೆಯೇ ಒಂದು ವಹಿಯಲ್ಲಿ ಗುರುತು ಮಾಡಿಟ್ಟುಕೊಂಡೆ. ಇಂಗ್ಲಿಷಿನಲ್ಲಿ ಬೇರೆಯೇ ಬರೆದೆ. "ಮಾನ್ಯರೇ, ಇಲ್ಲಿ ಎಲ್ಲರೂ ಕ್ಷೇಮ. ತಮ್ಮ ಪೂಜ್ಯ ಮಾತೃಶ್ರೀಯವರ ಆರೋಗ್ಯ ಹೇಗಿದೆ? ವೇಳೆಗೆ ಸರಿಯಾಗಿ ಊಟ ಮಾಡಿರಿ." ಕೆಳಗೆ ನಿಮ್ಮ ಹೆಸರು, ಗಜೇಂದ್ರಗಡದ ನಿಮ್ಮ ಮನೆಯ ವಿಳಾಸ. ಲಕೋಟೆಗೆ ನೀವೇ ಅಂಟು ಹಚ್ಚಿದಿರಿ. ಆ ಕ್ಷಣದಲ್ಲಿಯಾದರೂ ನಾನು ಬಾಯಿ ಬಿಟ್ಟಿದ್ದರೆ...

ಬಿಡಲಿಲ್ಲ. ಬಿಡುವಂತೆಯೂ ಇರಲಿಲ್ಲ. ಯಾವಗಲ್ ದಾಟಿದ ಮೇಲೆ ಕಿಕ್ಕಿರಿದ ಬಸ್ಸಿನ ಹಿಂದಿನ ಬಾಗಿಲಿನಿಂದ ನೀವು ನನ್ನನ್ನು ಕೂಗಿದ ಆ ಬೆಳಗನ್ನು ಹೇಗೆ ಮರೆಯಲಿ? "ಮಾಸ್ತರ! ಮುಟ್ಟೇತ್ರಿ! ನಮ್ಮ ಪತ್ರ ಮುಟ್ಟೇತಿ! ನಿನ್ನೆ ಖಿಡಕಿ ಗೆರಿ ಬಿಟ್ಟು ಒಳಗ ಹೊಕ್ಕು ಗೋಲ್ ಹೊಡದಾನ!" ತಕ್ಷಣವೇ ಪ್ರಯಾಣಿಕರ ಕಡೆಗೆ ತಿರುಗಿ ಗದರಿದಿರಿ: "ಸ್ಪೇನಿನಾಗ ನನ್ನ ಮಾತ ಕೇಳ್ತಾರ, ನಿಮಗೇನ್ ಧಾಡಿರಿ? ಸರೀರಿ ಒಳಗ!" ಅಸೂಟಿಯ ಮುದುಕಿಯೊಬ್ಬಳು, "ಆ ಸ್ಪೇನಿನಾಂವಗ ಕುಂದ್ರಾಕ ಸೀಟ ಸಿಕ್ಕಿತ್ತೇನೋ ಯಪ್ಪಾ?" ಎಂದು ಕೇಳಿದಳು. ಬಸ್ಸಿಗೆ ಬಸ್ಸೇ ನಕ್ಕಿತು. ನಾನೂ ನಕ್ಕೆ. ಆಟಗಾರನು ತನ್ನ ಬುದ್ಧಿಯಿಂದಲೇ ಒಳಗೆ ಹೋದನೆಂದು ಆ ಬಸ್ಸಿನಲ್ಲಿ ಬಲ್ಲವನು ನಾನೊಬ್ಬನೇ.

ಅವನನ್ನು ಎರಡು ವರ್ಷ ಬೇರೊಂದು ತಂಡಕ್ಕೆ ಎರವಲು ಕೊಟ್ಟರೆಂಬ ಸುದ್ದಿ ಬಂದಾಗ ನಾನು ಅದನ್ನು ಅವಮಾನವೆಂದು ತಿಳಿದೆ. ನೀವು ಮಾತ್ರ ನಿಶ್ಚಿಂತೆಯಿಂದ ಹೇಳಿ ಬರೆಸಿದಿರಿ: "ಹೆಚ್ಚಿನ ಗಾಡಿ ಬ್ಯಾರೆ ಡಿಪೋಕ್ಕ ಕೊಟ್ಟಂಗ ಇದು. ಗಾಡಿ ಚಲೋ ಇದ್ರ ತಿರುಗಿ ಕರಸ್ತಾರ. ಅಲ್ಲೀತನಕ ಹಾದಿ ಗುರ್ತ ಮಾಡ್ಕೋ." ನಾನು ಬರೆದುದು: "ಹೊಸ ಊರಿನ ಹವೆ ಮಾತೃಶ್ರೀಯವರಿಗೆ ಒಗ್ಗಿತೇ?" ಅವನನ್ನು ತಿರುಗಿ ಕರೆಸಿದರು. ನೀವು ಸಿಬ್ಬಂದಿಗೆಲ್ಲ ಚಹ ಕುಡಿಸಿದಿರಿ. ದೇಶದ ತಂಡದಿಂದಲೂ ಕರೆ ಬಂದೇ ಬರುತ್ತದೆಂದು ನಾವಿಬ್ಬರೂ ನಂಬಿದ ವರ್ಷವದು.

ಆ ಕರೆಗೆ ಬದಲಾಗಿ ಬಂದದ್ದು ಮೊಣಕಾಲಿನ ಪೆಟ್ಟು. ಅಂದು ನಿಮ್ಮ ಮುಖದಲ್ಲಿ ನಗೆಯಿರಲಿಲ್ಲ. "ಲಗೂ ಬರೀರಿ ಮಾಸ್ತರ. ಬ್ರೇಕ್‌ಡೌನ್ ಆದ ಗಾಡಿ ದೂಡಿ ಓಡಸಬಾರ್ದು. ಪೂರಾ ರಿಪೇರಿ ಆಗೂತನಕ ಡಿಪೋ ಬಿಟ್ಟು ಹೊರಗ ಬರಬ್ಯಾಡ ಅನ್ರಿ ಅವಗ." ನಾನು ಶೀಘ್ರ ಗುಣವಾಗಲೆಂದು ಹಾರೈಸಿ, ವಾಡಿಕೆಯಂತೆ ತಾಯಿಯನ್ನು ವಿಚಾರಿಸಿದೆ. ಅವನು ಅವಸರದಿಂದ ಮೈದಾನಕ್ಕಿಳಿದ. ಅದೇ ಮೊಣಕಾಲು ಮತ್ತೆ ಕೈಕೊಟ್ಟಿತು. ದೊಡ್ಡ ತಂಡ ಅವನನ್ನು ಬಿಟ್ಟಿತು. ಎರಡನೆಯ ದರ್ಜೆ, ಕೊನೆಗೆ ತನ್ನ ಹುಟ್ಟೂರಿನ ಸಣ್ಣ ತಂಡ. ನೀವು ಹಲವು ದಿನ ಅದೊಂದನ್ನೇ ಕೇಳಿದಿರಿ: "ಇಷ್ಟ ದಿನಾ ನನ್ನ ಮಾತ ಕೇಳಿದಾಂವ ಈ ಸರ್ತಿ ಯಾಕ ಕೇಳಲಿಲ್ಲ? ನಾ ಏನರ ಬಿರುಸು ಹೇಳಿದ್ನೇನ್ರಿ? ಸಿಟ್ಟಾದನ?" ದವಾಖಾನೆಯ ಮಂಚದ ಮೇಲಿಂದಲೂ ಕೇಳಿದಿರಿ: "ಆ ಪತ್ರ ಮುಟ್ಟಿತ್ತಲ್ರಿ, ಮಾಸ್ತರ?"

"ಮುಟ್ಟಿತ್ತು" ಎಂದೆ. ಮೂವತ್ತೈದು ವರ್ಷ ಮಕ್ಕಳ ಸುಳ್ಳುಗಳನ್ನು ಹಿಡಿದು ಹಾಕಿದವನು ನಿಮಗೆ ಹೇಳಿದ ಕೊನೆಯ ಮಾತು ಅದು.

ಹೋದ ವಾರ ನಿಮ್ಮ ಮನೆಯವರಾದ ಖಾತೂನಬಿಯವರು ಫೋನು ಮಾಡಿದರು. "ಮಾಸ್ತರ, ಇವರ ಹೆಸರಿಗೆ ಪರದೇಶದ ಲಕೋಟಿ ಬಂದೈತ್ರಿ. ಲಗೂ ಬರ್ರಿ." ಹೋದೆ. ಒಡೆದು, ಕನ್ನಡದಲ್ಲಿ ಓದತೊಡಗಿದೆ. "ಪ್ರಿಯ ಮಾಬುಸಾಬರೇ, ಈ ಬೇಸಿಗೆಯಲ್ಲಿ ನಾನು ಆಟ ಬಿಟ್ಟೆ. ನೀವು ಪ್ರತಿ ಪತ್ರದಲ್ಲೂ ಕೇಳುತ್ತಿದ್ದ ನನ್ನ ತಾಯಿ ಚೆನ್ನಾಗಿದ್ದಾಳೆ. ಅವಳ ಮೊಣಕಾಲು ನನ್ನದಕ್ಕಿಂತ ಗಟ್ಟಿ. ನಿಮ್ಮ ಪತ್ರಗಳನ್ನೆಲ್ಲ ಅವಳೇ ತೆಗೆದಿಟ್ಟಿದ್ದಾಳೆ. ಒಂದು ಮಾತು ಕೇಳಲೇ? ಇಷ್ಟು ವರ್ಷ ಬರೆದಿರಿ, ಆಟದ ಬಗ್ಗೆ ಒಂದು ಸಾಲೂ ಬರೆಯಲಿಲ್ಲ. ನಾನು ಆಡುವುದನ್ನು..." ಅಷ್ಟಕ್ಕೇ ಕಾಗದವನ್ನು ಮಡಚಲು ಹೋದೆ.

"ಮುಂದ ಏನೈತಿ?" ಎಂದರು ಖಾತೂನಬಿ. ಓದಿದೆ: "ನಾನು ಆಡುವುದನ್ನು ನೀವು ಎಂದಾದರೂ ನೋಡಿದ್ದೀರಾ?"

ಬಳಿಕ ಎಲ್ಲವನ್ನೂ ಒಪ್ಪಿಕೊಂಡೆ. ಅವರು ಸೆರಗನ್ನು ಬಾಯಿಗಿಟ್ಟುಕೊಂಡು ನಕ್ಕರು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಅವರವ್ವನ ಆರೋಗ್ಯ ವಿಚಾರ್ಸಿದ್ರೇನ್ರಿ! ಇಷ್ಟ ವರ್ಷ!" ಆಮೇಲೆ ನಗೆ ನಿಂತಿತು. "ಅಂದ್ರ ಅಂವ ಕಾಲ ಕೆಡಿಸ್ಕೊಂಡದ್ದು ಇವರ ಮ್ಯಾಲಿನ ಸಿಟ್ಟಿಗಲ್ಲ?" ಅಲ್ಲವೆಂದೆ. "ಅದನ್ನ ಇವರಿಗೆ ಹೇಳಬೇಕಾಗಿತ್ರಿ, ಮಾಸ್ತರ."

ಅದಕ್ಕಾಗಿಯೇ ಈ ಪತ್ರ. ಅವನು ನಿಮ್ಮ ಮೇಲೆ ಸಿಟ್ಟಾಗಿರಲಿಲ್ಲ, ಮಾಬುಸಾಬರೇ. ನಿಮ್ಮ ಮಾತು ಅವನಿಗೆ ತಲುಪಿಯೇ ಇರಲಿಲ್ಲ. ತಪ್ಪು ನನ್ನದು. ಖಾತೂನಬಿಯವರು ಬಾಗಿಲವರೆಗೆ ಬಂದು ವಿಧಿಸಿದ ಶಿಕ್ಷೆಯನ್ನೂ ತಿಳಿಸುತ್ತೇನೆ: "ಅವಗರ ಖರೇ ಬರೀರಿ. ಇವರು ಹೇಳಿದ್ದು ಹೇಳಿದಂಗ. 'ಲೇ' ಬಿಡಬ್ಯಾಡ್ರಿ ಮತ್ತ!"

ಇಂದು ಬೆಳಿಗ್ಗೆ ರೋಣದ ಅಂಚೆ ಕಚೇರಿಯಲ್ಲಿ ರಿಜಿಸ್ಟರ್ ಮಾಡಿಸಿ ಬಂದೆ. ವಹಿಯಲ್ಲಿದ್ದುದನ್ನೆಲ್ಲ ಕ್ರಮವಾಗಿ ಇಂಗ್ಲಿಷಿಗೆ ಇಳಿಸಿದ್ದೇನೆ, ಏನನ್ನೂ ತಿದ್ದಿಲ್ಲ. ನೀವಿಲ್ಲವೆಂಬುದನ್ನೂ, ನಾನು ಮಾಡಿದ್ದನ್ನೂ ಮೊದಲ ಪುಟದಲ್ಲಿಯೇ ಬರೆದಿದ್ದೇನೆ. ಒಂದು ವಿಷಯದಲ್ಲಿ ಮಾತ್ರ ನಿಮ್ಮ ಮಾತು ಮೀರಿದೆ. ದವಾಖಾನೆಯಲ್ಲಿ ನೀವು, "ಇದನ್ನ ಬರೀಬ್ಯಾಡ್ರಿ, ಅವಗ ಸೊಕ್ಕ ಬರತೈತಿ" ಎಂದು ತಡೆದ ಮಾತೂ ವಹಿಯಲ್ಲಿತ್ತು. ಅವನ ಪ್ರಶ್ನೆಗೆ ಉತ್ತರ ಅದರಲ್ಲಿಯೇ ಇದ್ದುದರಿಂದ, ಕೊನೆಯ ಪುಟದಲ್ಲಿ ಅದೊಂದನ್ನೇ ಬರೆದೆ:

"ನನ್ನ ಇಡೀ ಸರ್ವೀಸಿನಾಗ ಒಮ್ಮೆ ಮಾತ್ರ ಬಸ್ಸು ಕಂಡಕ್ಟರನ್ನ ಬಿಟ್ಟು ಹೋಗೈತಿ. ಅವತ್ತ ನಾ ನರಗುಂದದಾಗ ನಿಂತು ಖಿಡಕಿ ಆಟ ನೋಡಾಕತ್ತಿದ್ನಿ."

ಇಂತು ನಿಮ್ಮ,
ನಿವೃತ್ತ ಮಾಸ್ತರ
ರೋಣ, ಸೋಮವಾರ, ೧೪ ಜುಲೈ ೨೦೨೫, ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷ