ಗೇರ್‌ಬಾಕ್ಸ್ ಸತ್ತಿಲ್ಲ, ಅಣ್ಣಾ

ಧನರಾಜಣ್ಣಾ,

ಅಂಗಳದಲ್ಲಿ ಪಿಕಪ್ ಇಲ್ಲವೆಂದು ಗಾಬರಿಯಾಗಬೇಡ. ಟಗರು ಹೇರಿಕೊಂಡು ನಾನೇ ಉದಗೀರ ಸಂತೆಗೆ ಹೊರಟಿದ್ದೇನೆ.

"ಗೇರ್‌ಬಾಕ್ಸ್ ಸತ್ತದ, ಗುಜರಿಗಿ ಹಾಕೋಣು. ನಿನಗೇನ ತಿಳಿತದ?" ಎಂದು ಎಲ್ಲರೆದುರು ಅಂದೆಯಲ್ಲ, ನಿನ್ನೆ ಗಾಡಿಯ ಕೆಳಗೆ ಮಲಗಿ ನೋಡಿದೆ. ಗೇರ್‌ಬಾಕ್ಸಿನ ರಬ್ಬರ್ ಸೀಲ್ ಹರಿದು ಎಣ್ಣೆಯೆಲ್ಲ ಸೋರಿತ್ತು. ಉಮರ್ಗಾದ ಗ್ಯಾರೇಜಿಗೆ ಒಯ್ದು ಹೊಸ ಸೀಲ್ ಹಾಕಿಸಿ, ಗೇರ್ ಎಣ್ಣೆ ತುಂಬಿಸಿದೆ. "ಇನ್ನೆರಡ ದಿನಾ ಹಂಗೇ ಓಡ್ಸಿದ್ರ ಖರೇನ ಸಾಯ್ತಿತ್ತವ್ವಾ" ಎಂದ ಮಿಸ್ತ್ರಿ. ಈಗ ಎರಡನೇ ಗೇರ್ ಕರಕರ ಅನ್ನದೆ ಬೀಳುತ್ತದೆ.

ಗುಜರಿಯವನು ಬಂದರೆ ಚಹಾ ಕೊಟ್ಟು ಕಳಿಸಿಬಿಡು. ಅವ್ವನಿಗೆ ಗುಳಿಗೆ ಕೊಡು. ರೊಟ್ಟಿ ಬುಟ್ಟಿಯಲ್ಲಿದೆ, ಸಿಟ್ಟು ಬಂದರೂ ಉಣ್ಣು.

ತಿಂಗಳಿಗೊಮ್ಮೆ ಎಣ್ಣೆ ನೋಡುವ ಕೆಲಸ ಇನ್ನು ನನ್ನದು. ಚಾವಿ ಬೇಕಾದರೆ ನನ್ನನ್ನು ಕೇಳು.

ಸಾರಿಕಾ