ನಿಂಬೆಹಣ್ಣು ಹತ್ತಿದ ಮಿಲಿಟರಿ ಟ್ರಕ್ಕು

ಕಮಲಾಪುರ
೫ ಅಕ್ಟೋಬರ್ ೨೦೨೫, ರವಿವಾರ

ಸುನೀಲನ ಅಪ್ಪನವರ ಪಾದಗಳಿಗೆ ಮಲ್ಕಮ್ಮ ಮಾಡುವ ಶರಣು. ಈ ಶರಣು ಪಾದಗಳಿಗೆ ಮಾತ್ರ. ನಿಮ್ಮ ಬಾಯಿಯ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ.

ಇಲ್ಲಿ ಅಕ್ಕನ ಮನೆಯಲ್ಲಿ ನಾನು ಕ್ಷೇಮ. ಅಕ್ಕ ದಿನಾ ಕೆಂಪು ಬಾಳೆಹಣ್ಣು ಸುಲಿದು ಕೈಗೆ ಕೊಡುತ್ತಾಳೆ. ಇನ್ನೆಷ್ಟು ದಿನ ಇರುತ್ತೀ ಎಂದು ಬಾಯಿಂದ ಕೇಳುವುದಿಲ್ಲ, ಕಣ್ಣಿಂದ ಕೇಳುತ್ತಾಳೆ. ನೀವು ಫೋನ್ ಮಾಡುತ್ತಿರುವುದು ಗೊತ್ತು. ಬೇಕಂತಲೇ ಎತ್ತುತ್ತಿಲ್ಲ. ಫೋನಿನಲ್ಲಿ ನೀವು ಬಸ್‌ಸ್ಟ್ಯಾಂಡಿನಲ್ಲಿ ನಿಂತವರ ಹಾಗೆ ಕೂಗುತ್ತೀರಿ, ನಾನು ಅರ್ಧಕ್ಕೇ ಅತ್ತುಬಿಡುತ್ತೇನೆ, ಹೇಳಬೇಕಾದ ಮಾತು ಹಾಗೇ ಉಳಿಯುತ್ತದೆ. ಪತ್ರವಾದರೆ ನಡುವೆ ಬಾಯಿ ಹಾಕಲು ನಿಮಗೆ ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಷರತ್ತು ಒಂದೇ. ನಮ್ಮ ಸುನೀಲಕುಮಾರ ಈಗ ಎಲ್ಲಿದ್ದಾನೆ, ಅಲ್ಲಿ ಏನು ಕೆಲಸ ಮಾಡುತ್ತಿದ್ದಾನೆ, ಅದನ್ನು ನೀವು ನಿಮ್ಮ ಬಾಯಿಂದ ನನಗೆ ಹೇಳಬೇಕು. ಹೇಳಿದ ದಿನ ಶಹಾಬಜಾರದ ನಮ್ಮ ಮನೆಗೆ ಬರುತ್ತೇನೆ. ಇಲ್ಲವಾದರೆ ಆ ಪ್ಲಾಸ್ಟಿಕ್ ಟ್ರಕ್ಕಿನ ಜೊತೆಗೇ ಸಂಸಾರ ಮಾಡಿಕೊಂಡಿರಿ. ಮಿಲಿಟರಿಯಲ್ಲಿರುವ ಮಗ ಸಿಕಂದರಾಬಾದಿನಲ್ಲಿ ಫ್ಯಾನಿನ ಕೆಳಗೆ ಕುಳಿತು ಗಾಡಿಗಳ ಲೆಕ್ಕ ಬರೆಯುತ್ತಾನೆ ಎಂದು ಯುಗಾದಿಯಿಂದ ಹೇಳುತ್ತ ಬಂದಿದ್ದೀರಿ. ಅದು ಸುಳ್ಳು ಎಂದು ನನಗೆ ಗೊತ್ತು. ನನಗೆ ಯಾರೂ ಹೇಳಿಕೊಟ್ಟಿಲ್ಲ. ನಿಮ್ಮ ಟ್ರಕ್ಕೇ ಹೇಳಿತು.

ಆ ಟ್ರಕ್ಕಿನ ಡಬ್ಬಿ ಬಂದ ದಿನ ನೆನಪಿದೆಯೇ? ನೀವು ಬಸ್ಸಿನ ನೌಕರಿಯಿಂದ ನಿವೃತ್ತರಾಗಿ ಮನೆಯಲ್ಲಿ ಕುಳಿತು ಎರಡು ತಿಂಗಳಾಗಿತ್ತು. ನಾನು ಅಡುಗೆಮನೆಯಿಂದ ಸ್ವಲ್ಪ ಜೋರಾಗಿ ಬಂದರೆ ಸಾಕು, ಕುರ್ಚಿಯಲ್ಲಿ ಕುಳಿತಲ್ಲೇ ಬಲಗಾಲಿನಿಂದ ಬ್ರೇಕ್ ಒತ್ತುತ್ತಿದ್ದಿರಿ. ಇದನ್ನು ಕೇಳಿ ನಕ್ಕು ನಕ್ಕು ಸುನೀಲ ನಿಮಗೆ ಅದನ್ನು ಕಳಿಸಿದ್ದ. ಜೋಡಿಸಿದರೆ ಒಂದು ಗೇಣು ಉದ್ದದ ಮಿಲಿಟರಿ ಟ್ರಕ್ಕು, ಜೋಡಿಸುವವರೆಗೆ ಒಂದು ರಾಶಿ ಚೂರು. ಇಷ್ಟು ವರ್ಷ ಬಸ್ಸು ಹೊಡೆದವನಿಗೆ ಇದು ಯಾವ ಲೆಕ್ಕ ಎಂದು ಮೀಸೆ ತಿರುವಿದಿರಿ. ಮೊದಲ ದಿನವೇ ನಿಮ್ಮ ಹೆಬ್ಬೆರಳು ದಿನಪತ್ರಿಕೆಗೆ ಅಂಟಿತು. ಪತ್ರಿಕೆ ಹರಿದು, ಬೆರಳಿನ ಮೇಲೆ ಯಾರದೋ ಶ್ರದ್ಧಾಂಜಲಿಯ ಫೋಟೊ ಹೊತ್ತುಕೊಂಡು ವಾರವೆಲ್ಲ ಓಡಾಡಿದಿರಿ. ಅಂಗನವಾಡಿಯಲ್ಲಿ ಅಂಟು ಮೆತ್ತಿಕೊಂಡ ಎಷ್ಟು ಮಕ್ಕಳ ಕೈ ತೊಳೆದಿದ್ದೇನೆ. ಅವರು ಯಾರೂ ತಪ್ಪು ನನ್ನದೇ ಎಂದು ನನ್ನ ಮೇಲೆ ಹಾಯ್ದಿರಲಿಲ್ಲ.

ಆಮೇಲೆ ನನ್ನ ಉಗುರು ಕತ್ತರಿಸುವ ಕಟರ್ ಹೋಯಿತು, ಕಾಲಿನ ಮುಳ್ಳು ತೆಗೆಯುವ ಚಿಮಟ ಹೋಯಿತು, ರೊಟ್ಟಿಯ ಹಿಟ್ಟು ನಾದುವ ಪರಾತ ಬಣ್ಣ ಒಣಗಿಸುವ ಮೈದಾನವಾಯಿತು. ಸ್ಟೇರಿಂಗು ಎಡಕ್ಕಿದೆ ಎಂದು ನೀವು ಒಂದು ದಿನ ಊಟ ಬಿಟ್ಟಿರಿ. ಅದು ಹೊರದೇಶದ ಡಬ್ಬಿ, ಅಲ್ಲಿಯ ಪದ್ಧತಿ ಹಾಗೇ ಇರಬೇಕು ಎಂದರೆ, “ಮಿಲಿಟ್ರಿ ಆದ್ರೇನು, ರಾಂಗ್ ಸೈಡ್ ಕುಂತು ಗಾಡಿ ಹೊಡಿಯೋ ಮನಷ್ಯಾ ನನ್ನ ಮನ್ಯಾಗ ಇರಬಾರ್ದು” ಎಂದಿರಿ. ಬ್ಲೇಡಿನಿಂದ ಕೊರೆದು ಬಲಕ್ಕೆ ಜಾಗ ಮಾಡಿದಿರಿ. ಅಷ್ಟೆಲ್ಲ ಮಾಡಿ ಮೇಲಿನ ಛಾವಣಿ ಅಂಟಿಸಿ ಕೈ ಝಾಡಿಸಿಕೊಂಡ ಮೇಲೆ ನಾನು ಕಸ ಗುಡಿಸಿದರೆ ಕಸಬರಿಗೆಯ ತುದಿಗೆ ಒಂದು ಸಣ್ಣ ಕಪ್ಪು ಬಳೆ ಸಿಕ್ಕಿತು. ಸ್ಟೇರಿಂಗು. ಜೀವಮಾನವೆಲ್ಲ ಅದನ್ನೇ ಹಿಡಿದು ಹೊಟ್ಟೆ ಹೊರೆದ ಮನುಷ್ಯ ಅದನ್ನೇ ಮರೆತಿದ್ದರು. ಛಾವಣಿ ಮತ್ತೆ ಒಡೆದಿರಿ. ಈ ಸಂಗತಿಯನ್ನು ನಾನು ಓಣಿಯಲ್ಲಿ ಯಾರಿಗೂ ಹೇಳಿಲ್ಲ, ಅಕ್ಕನಿಗೆ ಮಾತ್ರ ಹೇಳಿದ್ದೇನೆ. ಅವಳು ಇನ್ನೂ ನಗುತ್ತಿದ್ದಾಳೆ.

ಬಣ್ಣದ ಕಥೆ ಇನ್ನೂ ಚೆಂದ. ನಿಮ್ಮ ಮೊದಲ ಬಣ್ಣ ಗಿಣಿಯ ಹಾಗೆ ಬಂತು. ಅದನ್ನು ಹಿಡಿದುಕೊಂಡು ಓಣಿಯ ಕೊನೆಯಲ್ಲಿ ಲಾರಿಗಳಿಗೆ ಬಣ್ಣ ಹೊಡೆಯುವ ಬುರ್ಹಾನುದ್ದೀನ್ ಭಾಯಿಯ ಬಳಿ ಹೋದಿರಿ. ನಾನೂ ಹಿಂದೆ ಇದ್ದೆ. ಅವರು ಟ್ರಕ್ಕನ್ನು ಅಂಗೈ ಮೇಲಿಟ್ಟು ತಿರುಗಿಸಿ, “ಡ್ರೈವರ್ ಸಾಬ್, ಖಾಲಿ ಹಸಿರು ಹಚ್ಚಿದ್ರ ಗಾಡಿಗಿ ಮುಖಾನೇ ಇರಂಗಿಲ್ಲ. ಎರಡು ನವಿಲು ಬಿಡಸ್ತೀನಿ, ಹಿಂದ ‘ಮತ್ತ ಸಿಗೋಣ’ ಅಂತ ಬರೀತೀನಿ” ಎಂದರು. ನೀವು ಕೆಂಡವಾಗಿ, ದುಶ್ಮನ್‌ಗೆ ಮತ್ತ ಸಿಗೋಣ ಅಂತ ಹೇಳಬೇಕೇನು ಎಂದು ಕೇಳಿದಿರಿ. ಕೊನೆಗೆ ಆ ಬಣ್ಣ ಸಿಕ್ಕಿದ್ದು ನನ್ನ ಒಲೆಯ ಮೇಲೆ. ಪುಂಡಿ ಸೊಪ್ಪಿನ ಪಲ್ಯ ಚೆನ್ನಾಗಿ ಬೆಂದರೆ ಬರುವ ಬಣ್ಣವೇ ಮಿಲಿಟರಿಯ ಬಣ್ಣ ಎಂದು ನೀವು ಕಂಡುಹಿಡಿದಿರಿ. ಕುಂಚ ಹಿಡಿದು ಪಕ್ಕದಲ್ಲಿ ನಿಂತು, ಇನ್ನೊಂದು ಕುದಿ ಬರಲಿ, ಬಣ್ಣ ಇನ್ನೂ ಎಳೆಯದಿದೆ ಎಂದು ನನಗೇ ಅಡುಗೆ ಕಲಿಸಿದಿರಿ. ಪಲ್ಯ ತಳ ಹತ್ತಿತು, ಟ್ರಕ್ಕಿಗೆ ಸರಿಯಾದ ಬಣ್ಣ ಬಂತು. ಆ ದಿನ ನಾವಿಬ್ಬರೂ ಶೇಂಗಾ ಹಿಂಡಿ ಹಚ್ಚಿಕೊಂಡು ರೊಟ್ಟಿ ತಿಂದೆವು.

ಇನ್ನು ನೀವು ಸಿಕ್ಕಿಬಿದ್ದ ವಿಷಯಕ್ಕೆ ಬರುತ್ತೇನೆ. ನನ್ನ ಹಳೆಯ ಕಾಲುಚೈನನ್ನು ತುಂಡು ಮಾಡಿ ಟ್ರಕ್ಕಿನ ಗಾಲಿಗಳಿಗೆ ಸುತ್ತುತ್ತಿದ್ದಿರಿ. ಗಾಲಿಗೆ ಸರಪಳಿ ಯಾಕೆ ಎಂದು ಕೇಳಿದರೆ ಅಲಂಕಾರಕ್ಕೆ ಎಂದಿರಿ. ಹೂವಿನ ಹಾರ ಹಾಕಿದ ಬಸ್ಸು ನೋಡಿದ್ದೇನೆ, ಕಾಲುಚೈನು ಹಾಕಿದ ಗಾಡಿ ನೋಡಿಲ್ಲ. ಮರುದಿನ ನನ್ನ ರಂಗೋಲಿ ಪುಡಿಯನ್ನು ಚಿಟಿಕೆಯಲ್ಲಿ ಹಿಡಿದು ಅದರ ಛಾವಣಿಯ ಮೇಲೆ ಉದುರಿಸಿದಿರಿ. ಇದೇನು ಎಂದರೆ ಧೂಳು, ಸಿಕಂದರಾಬಾದಿನ ಧೂಳು ಎಂದಿರಿ. ಅಲ್ಲಿಯ ನೆಲದಲ್ಲಿ ವಿಭೂತಿ ಏಳುತ್ತದೆಯೇ? ಹಿಮದಲ್ಲಿ ಗಾಡಿ ಜಾರದಿರಲೆಂದು ಗಾಲಿಗೆ ಸರಪಳಿ ಕಟ್ಟುತ್ತಾರೆ ಎಂಬುದು ಟೀವಿ ನೋಡುವ ಯಾರಿಗಾದರೂ ಗೊತ್ತಿರುತ್ತದೆ. ನನ್ನ ಮಗ ಹಿಮದ ಗುಡ್ಡದ ಮೇಲೆ ಟ್ರಕ್ಕು ಓಡಿಸುತ್ತಿದ್ದಾನೆ, ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಏನೂ ಇಲ್ಲ, ಮತ್ತು ನೀವು ನನಗೆ ಫ್ಯಾನಿನ ಕಥೆ ಹೇಳುತ್ತಿದ್ದೀರಿ.

ಬೇಕಾದರೆ ಇನ್ನೊಂದು ಸಾಕ್ಷಿ ಕೊಡುತ್ತೇನೆ. ದಿನಾ ಬೆಳಿಗ್ಗೆ ಸ್ನಾನ ಮಾಡಿ ಬಂದು ಆ ಟ್ರಕ್ಕಿನ ಮೂತಿಗೆ ಎರಡು ಬೆರಳು ಮುಟ್ಟಿಸಿ ಏನೋ ಅನ್ನುತ್ತೀರಿ. ಬಸ್ಸು ಹತ್ತುವ ಮುಂಚೆ ಮುಟ್ಟಿ ನಮಸ್ಕಾರ ಮಾಡುತ್ತಿದ್ದಿರಲ್ಲ, ಆ ರೂಢಿ ಎಂದುಕೊಂಡಿದ್ದೆ. ಒಂದು ದಿನ ಬಾಗಿಲ ಮರೆಯಲ್ಲಿ ನಿಂತು ಕೇಳಿದೆ. “ಸಾವಕಾಶ ಹೋಗು ತಮ್ಮಾ” ಎನ್ನುತ್ತಿದ್ದಿರಿ. ನಾನು ಸದ್ದಿಲ್ಲದೆ ಅಡುಗೆಮನೆಗೆ ಹೋಗಿ ಕುಕ್ಕರಿನ ಸೀಟಿಯ ಸದ್ದಿನಲ್ಲಿ ಅತ್ತೆ. ನೀವು ಕಣ್ಣು ಯಾಕೆ ಕೆಂಪಗಿದೆ ಎಂದು ಕೇಳಿದಿರಿ. ಈರುಳ್ಳಿ ಎಂದೆ.

ಅದಕ್ಕೇ ಖಂಡೆ ಪೂಜೆಯ, ಅಂದರೆ ಆಯುಧ ಪೂಜೆಯ ದಿನ ನಾನು ಹಾಗೆ ಮಾಡಿದ್ದು. ನೀವು ಹಳೆಯ ಡಿಪೋದ ಬಸ್ಸುಗಳ ಪೂಜೆಗೆ ಹೋದಿರಿ. ಊರ ಗಾಡಿಗಳಿಗೆಲ್ಲ ಹೂವು, ಕುಂಕುಮ. ಅಲ್ಲಿ ಆ ಗುಡ್ಡದ ಮೇಲೆ ನಮ್ಮ ಹುಡುಗನ ಗಾಡಿಗೆ ನಮ್ಮ ಮನೆಯ ಒಂದು ಬೊಟ್ಟು ಕುಂಕುಮವೂ ಇಲ್ಲವಲ್ಲ ಎಂದುಕೊಂಡೆ. ಕಪಾಟಿನಿಂದ ಟ್ರಕ್ಕು ಇಳಿಸಿ ಮಣೆಯ ಮೇಲಿಟ್ಟೆ. ಮುಂದೆ ವಿಭೂತಿ ಎಳೆದೆ, ಅರಿಶಿನ ಕುಂಕುಮ ಹಚ್ಚಿದೆ, ಚೆಂಡುಹೂವಿನ ಎಸಳು ಏರಿಸಿದೆ. ನೀವು ಹಿಂದಿನ ದಿನ ಕೊನೆಯ ಕೈ ಬಣ್ಣ ಹೊಡೆದಿದ್ದು ಇನ್ನೂ ಹಸಿ ಇದೆ ಎಂದು ನನಗೇನು ಗೊತ್ತು. ಬುಟ್ಟಿಯಲ್ಲಿದ್ದ ಎಲ್ಲಕ್ಕಿಂತ ಸಣ್ಣ ನಿಂಬೆಹಣ್ಣು ಆರಿಸಿ ಮುಂದಿನ ಗಾಲಿಗೆ ಇಟ್ಟೆ. ಗಾಲಿಯೂ ನಿಂಬೆಹಣ್ಣೂ ಒಂದೇ ಗಾತ್ರ. ಹಣ್ಣು ಒಡೆಯದೆ ಬಿಟ್ಟರೆ ಪೂಜೆ ಪೂರ್ತಿಯಾಗುವುದಿಲ್ಲವೆಂದು ಎರಡೂ ಕೈಯಿಂದ ಒತ್ತಿದೆ. ಟಕ್ ಎಂದಿತು. ಹಣ್ಣಿಗೆ ಏನೂ ಆಗಿರಲಿಲ್ಲ.

ಆಗಲೇ ನೀವು ಬಂದಿರಿ. ನಾನು ಹೆಣ್ಣುಮಗಳೆಂದೂ ನೋಡದೆ, ಹಬ್ಬವೆಂದೂ ನೋಡದೆ, ಆಚೆಮನೆಯವರಿಗೆ ಕೇಳುವಂತೆ ಕೂಗಿದಿರಿ. “ಆಟಗಿ ಸಾಮಾನಿಗಿ ಯಾರರ ಪೂಜಿ ಮಾಡ್ತಾರೇನು? ನಿನಗ ಏನ್ ತಿಳೀತದ?” ಎಂದಿರಿ. ಆಟಿಕೆಯಾದರೆ ದಿನಾ ಬೆಳಿಗ್ಗೆ ಸಾವಕಾಶ ಹೋಗು ಎಂದು ಯಾರಿಗೆ ಹೇಳುತ್ತೀರಿ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡು ಚೀಲ ತೆಗೆದುಕೊಂಡೆ. ಈಗ ಹೆಂಗಸರಿಗೆ ಬಸ್ಸಿನಲ್ಲಿ ದುಡ್ಡಿಲ್ಲ, ಆಧಾರ ಕಾರ್ಡು ತೋರಿಸಿದರೆ ಸಿಟ್ಟು ಮಾಡಿಕೊಂಡು ಎಲ್ಲಿಗೆ ಬೇಕಾದರೂ ಹೋಗಬಹುದು. ಬಸ್ಸು ಹೊಡೆಯುತ್ತಿದ್ದವನು ನಿಮ್ಮ ಶಿಷ್ಯ ಮಾಪಣ್ಣ. ನನ್ನನ್ನು ನೋಡಿದವನೇ, “ಅಕ್ಕೋರೇ, ಸಾಹೇಬ್ರು ಬರಾಕತ್ತಾರೇನ್ರಿ, ನಿಂದರಸ್ಲೇನು?” ಎಂದು ಬಸ್ಸು ಹಿಡಿದುಕೊಂಡು ನಿಂತ. ಬರುವುದಿಲ್ಲ ಎಂದರೂ ಕೇಳಲಿಲ್ಲ. ಹಿಂದಿನವರು ಬೈಯತೊಡಗಿದ ಮೇಲೆ ಹೊರಟ. ನಿಜ ಹೇಳುತ್ತೇನೆ, ನಾನೂ ಕಿಟಕಿಯಿಂದ ನೋಡುತ್ತಿದ್ದೆ.

ಮದುವೆಯಾದಂದಿನಿಂದ ಮೊದಲ ಸಲ ಈ ದಸರೆಗೆ ನಿಮ್ಮ ಕೈಗೆ ಬನ್ನಿ ಕೊಡಲಿಲ್ಲ. ಅದರ ದುಃಖವೂ ಇದೆ. ಆದರೆ ಗಾಲಿ ಮುರಿದಿದ್ದಕ್ಕೆ ನೀವು ಕೂಗಿದ್ದನ್ನು ನಾನು ಮರೆಯಬಲ್ಲೆ. ಹೆತ್ತ ತಾಯಿಗೆ ಮಗನ ದಾರಿ ಮುಚ್ಚಿಟ್ಟದ್ದನ್ನು ಮರೆಯಲಾರೆ. ನಾನೇನು ಮುಟ್ಟಿದರೆ ಮುರಿದುಹೋಗುವ ಪ್ಲಾಸ್ಟಿಕ್ ಚೂರೇ? ಹೇಳಿ, ನಾನು ತಡೆದುಕೊಳ್ಳುತ್ತೇನೆ. ಇಷ್ಟು ದಿನ ತಡೆದುಕೊಂಡಿಲ್ಲವೇ?

ಗುಳಿಗೆ ತಪ್ಪಿಸಬೇಡಿ. ನಡುವಿನ ಗೂಡಿನಲ್ಲಿ ಹುಣಸೆ ಡಬ್ಬಿಯ ಹಿಂದೆ ಇವೆ. ಅಂಟು ಮುಟ್ಟಿದ ಕೈಯಿಂದ ಕಣ್ಣು ಉಜ್ಜಿಕೊಳ್ಳಬೇಡಿ.

ಇಂತಿ,
ನಿಮ್ಮ ಉತ್ತರಕ್ಕೆ ಕಾದಿರುವ, ಆದರೆ ಕಾದಿದ್ದೇನೆಂದು ತೋರಿಸಿಕೊಳ್ಳದ,
ಮಲ್ಕಮ್ಮ

ತಾ.ಕ.: ಸಹಿ ಹಾಕಿ ಮಡಚುವಷ್ಟರಲ್ಲಿ ಸುನೀಲನ ಫೋನು ಬಂತು. ಅವನಿಗೆ ಎಲ್ಲ ಹೇಳಿ, ಈ ಪತ್ರವನ್ನೂ ಓದಿ ತೋರಿಸಿದೆ. ಸ್ಟೇರಿಂಗಿನ ತನಕ ನಕ್ಕ. ಪೂರ್ತಿ ಕೇಳಿ, “ಅವ್ವಾ, ಯುಗಾದಿ ದಿನಾನೇ ನಾನು ನಿನಗ ಎಲ್ಲಾ ಹೇಳೀನಲ್ಲ. ಟ್ರಕ್ ನೋಡಿ ಗೊತ್ತಾತು ಅಂತ ಯಾಕ ಬರದಿ?” ಎಂದ. ಹೌದು, ಅದೊಂದು ಸುಳ್ಳು ಬರೆದಿದ್ದೇನೆ. ಗುಡ್ಡಕ್ಕೆ ಹೋಗುತ್ತಿದ್ದೇನೆ, ಅಪ್ಪನಿಗೆ ಬಿ.ಪಿ. ಇದೆ, ಹೇಳಬೇಡ ಎಂದು ಅವನೇ ನನ್ನಿಂದ ಮಾತು ತೆಗೆದುಕೊಂಡಿದ್ದ. ಹಾಗಾದರೆ ಅಪ್ಪನಿಗೆ ಹೇಗೆ ಗೊತ್ತಾಯಿತು ಎಂದು ಕೇಳಿದೆ. “ಅಪ್ಪಗೂ ನಾನೇ ಹೇಳೀನಿ. ಅವ್ವ ಊಟಾ ಬಿಡ್ತಾಳ, ಅಕಿಗಿ ಹೇಳಬ್ಯಾಡ ಅಂದಿದ್ದೆ” ಎಂದ. ಸ್ಪೀಕರ್ ಹಾಕಿಕೊಂಡು ನಾವಿಬ್ಬರೂ ಕುಳಿತಾಗ ಸೆಕೆ, ಸೆಕೆ ಎಂದು ಗೋಳಾಡುತ್ತಿದ್ದದ್ದು ಈ ಕಳ್ಳನೇ. ನೀವು ನನ್ನ ಮುಖ ನೋಡುತ್ತಿದ್ದಿರಿ, ನಾನು ನಿಮ್ಮ ಮುಖ ನೋಡುತ್ತಿದ್ದೆ. ಒಂದೇ ಮನೆಯಲ್ಲಿ ಇಬ್ಬರೂ ಇಷ್ಟು ದಿನ ಬೇರೆ ಬೇರೆ ಹೆದರಿದೆವು.

ಅವನಿಗೆ ಚೆನ್ನಾಗಿ ಬೈದಿದ್ದೇನೆ. ಟಪಾಲಿಗೆ ಹಾಕಿದರೆ ಈ ಪತ್ರ ನನ್ನ ಹಿಂದೆ ಬರುತ್ತದೆ, ಆದ್ದರಿಂದ ನಾಳೆ ಬೆಳಗಿನ ಬಸ್ಸಿಗೆ ನಾನೇ ತರುತ್ತೇನೆ. ಬಾಗಿಲಲ್ಲೇ ನಿಮ್ಮ ಕೈಗೆ ಕೊಟ್ಟು ಒಳಗೆ ಹೋಗಿ ಚಹಾ ಇಡುತ್ತೇನೆ. ನೀವು ಓದಿ ಮುಗಿಸಿ. ಮುಗಿಸಿದ ಮೇಲೆ ಅಡುಗೆಮನೆಗೆ ಬಂದು ಕುಳಿತು, ಸುನೀಲ ಎಲ್ಲಿದ್ದಾನೆ, ದಾರಿ ಹೇಗಿದೆ, ನಿಮಗೆ ಎಷ್ಟು ಹೆದರಿಕೆಯಾಗುತ್ತದೆ, ಎಲ್ಲವನ್ನೂ ಏನೂ ತಿಳಿಯದವಳಿಗೆ ಹೇಳುವ ಹಾಗೆ ಮೊದಲಿನಿಂದ ಹೇಳಿ. ನಾನು ಪೂರ್ತಿ ಕೇಳುತ್ತೇನೆ.